ಪಾನಿಪತ್ತಿನವರ ಮಾತು, ರಾಗಿ ಬೀಸುವವರ ಮಾತು

ಪುಣೆಯಲ್ಲಿ ಸೋಲು ಅಂದರೆ ಪಾನಿಪತ್. ಕ್ರಿಕೆಟ್ ತಂಡ ಮಕಾಡೆ ಮಲಗಿದರೂ ಪಾನಿಪತ್, ಚುನಾವಣೆಯಲ್ಲಿ ಠೇವಣಿ ಹೋದರೂ ಪಾನಿಪತ್, ಮಗ ಗಣಿತದಲ್ಲಿ ಡುಮ್ಕಿ ಹೊಡೆದರೂ ಪಾನಿಪತ್. 1761ರ ಜನವರಿ 14ರಂದು ಅಹ್ಮದ್ ಶಾ ಅಬ್ದಾಲಿಯ ಎದುರು ಮರಾಠರು ಸೋತ ಯುದ್ಧ ಅದು. ಪೇಶ್ವೆಯ ಮಗ ವಿಶ್ವಾಸರಾವ್ ಅಲ್ಲೇ ಸತ್ತ. ಆ ಹುಡುಗನ ಹೆಸರನ್ನೂ ಇವರು ಬಿಟ್ಟಿಲ್ಲ. ಕೈಸಾಲ ಕೇಳುವವನು 'ನನ್ನ ಮೇಲೆ ವಿಶ್ವಾಸ ಇಲ್ವಾ' ಅಂದರೆ, 'ವಿಶ್ವಾಸ ಪಾನಿಪತ್ತಿನಲ್ಲೇ ಸತ್ತ' ಅಂತ ಉತ್ತರ ಬರುತ್ತದೆ.

ನಾನು ತಿಪಟೂರು ಕಡೆಯವನು. ಪುಣೆಗೆ ಬಂದು ಬಹಳ ವರ್ಷವಾಯಿತು. ಇಲ್ಲಿಯವರ ಗಾದೆ, ನುಡಿಗಟ್ಟು ಕೇಳುತ್ತಾ ಕೇಳುತ್ತಾ ಮೊದಲು ಕಣ್ಣಿಗೆ ಬಿದ್ದದ್ದು ಇದೇ: ಇವರ ಮಾತಿನಲ್ಲಿ ಇಸವಿ ಇದೆ, ಹೆಸರಿದೆ, ವಿಳಾಸವೂ ಇದೆ.

'ಧ ಚಾ ಮಾ ಕರಣೇ' ಅಂತ ಒಂದು ಮಾತಿದೆ. 'ಧ'ವನ್ನು 'ಮ' ಮಾಡುವುದು. 1773ರ ಆಗಸ್ಟ್ 30ರಂದು ಪುಣೆಯ ಪೇಶ್ವೆ ಅರಮನೆ ಶನಿವಾರವಾಡೆಯೊಳಗೆ ಹದಿಹರೆಯದ ಪೇಶ್ವೆ ನಾರಾಯಣರಾವನ ಕೊಲೆಯಾಯಿತು. ಚಿಕ್ಕಪ್ಪ ರಘುನಾಥರಾವ್ ಬರೆಸಿದ ಪತ್ರದಲ್ಲಿ 'ಧರಾವೇ', ಅಂದರೆ ಹಿಡಿಯಿರಿ, ಅಂತ ಇತ್ತಂತೆ. ಅವನ ಹೆಂಡತಿ ಆನಂದೀಬಾಯಿ ಅದನ್ನು 'ಮಾರಾವೇ', ಅಂದರೆ ಕೊಲ್ಲಿರಿ, ಅಂತ ತಿದ್ದಿದಳು ಅನ್ನುವುದು ಇಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ಈಗ ಆಫೀಸಿನಲ್ಲಿ ಯಾರಾದರೂ ಮೀಟಿಂಗಿನ ನಿರ್ಧಾರವನ್ನು ಸ್ವಲ್ಪ ತಿರುಚಿ ಮೇಲ್ ಕಳಿಸಿದರೆ ಸಾಕು, 'ಧ ಚಾ ಮಾ ಕೇಲಾ' ಅಂತ ಗೊಣಗುತ್ತಾರೆ. ಆ ಹುಡುಗ ನಾರಾಯಣರಾವ್ ಪ್ರಾಣ ಉಳಿಸಿಕೊಳ್ಳಲು ಓಡುತ್ತಾ 'ಕಾಕಾ, ಮಲಾ ವಾಚವಾ' ಎಂದು ಕೂಗಿದನಂತೆ. ಚಿಕ್ಕಪ್ಪಾ, ನನ್ನನ್ನು ಉಳಿಸು. ಅದೂ ಈಗ ತಮಾಷೆಯ ಮಾತು. ಮಹಾರಾಷ್ಟ್ರದ ರಾಜಕೀಯದಲ್ಲಿ ಚಿಕ್ಕಪ್ಪ-ಮಗನ ಜಗಳಕ್ಕೆ ಬರಗಾಲವೇ ಇಲ್ಲವಲ್ಲ, ಹಾಗಾಗಿ ಈ ಮಾತಿಗೂ ಬಿಡುವಿಲ್ಲ.

ನಮ್ಮ ಕಡೆ ನೋಡಿ. ನಮಗೇನು ಯುದ್ಧ ಕಡಿಮೆಯಾಗಿತ್ತೇ? 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರವೇ ಹೋಯಿತು. ಆದರೆ 'ರಕ್ಕಸತಂಗಡಿ ಆಯ್ತು' ಅಂತ ಯಾರೂ ಅಂದದ್ದನ್ನು ನಾನು ಕೇಳಿಲ್ಲ. ನಮ್ಮಲ್ಲಿರುವುದು 'ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ'. ಯಾವ ಕೋಟೆ? ಯಾರು ಕೊಳ್ಳೆ ಹೊಡೆದವರು? ಗೊತ್ತಿಲ್ಲ, ಬೇಕಾಗೂ ಇಲ್ಲ. 'ಹಾಳೂರಿಗೆ ಉಳಿದವನೇ ಗೌಡ'. ಯಾವ ಊರು, ಹೇಗೆ ಹಾಳಾಯಿತು? ಅದೂ ಇಲ್ಲ. ಇನ್ನು 'ಯಾರು ದೊರೆಯಾದರೂ ರಾಗಿ ಬೀಸೋದು ತಪ್ಪಲ್ಲ' ಅನ್ನುವ ಮಾತಂತೂ ಇಡೀ ರಾಜವಂಶಗಳನ್ನೇ ಒಂದು ಉಸಿರಿಗೆ ಮೂಲೆಗೆ ತಳ್ಳಿಬಿಡುತ್ತದೆ.

ನನಗೆ ತೋಚುವ ಕಾರಣ ಸರಳ. ಪುಣೆ ರಾಜಧಾನಿಯಾಗಿತ್ತು. ದರ್ಬಾರಿನ ಕಾರಕೂನರು, ಪತ್ರ ಬರೆಯುವವರು, ಸುದ್ದಿ ಹೊತ್ತು ತರುವವರು ಪೇಠೆ ಪೇಠೆಗೆ ಇದ್ದರು. ಅವರ ಮನೆಮಾತೇ ಊರಿನ ಮಾತಾಯಿತು. ನಮ್ಮ ಗಾದೆಗಳಲ್ಲಿ ಹೆಚ್ಚಿನವು ಬೀಸುವ ಕಲ್ಲು, ಕಣ, ಹೊಲದ ಬದುವಿನಿಂದ ಬಂದವು. ದೊರೆಯ ಹೆಸರು ನೆನಪಿಟ್ಟುಕೊಂಡು ಬೀಸುವವಳಿಗೆ ಆಗಬೇಕಾದ್ದೇನು?

ಹಾಗಂತ ಮರಾಠಿಯಲ್ಲಿ ಎಲ್ಲವೂ ಪೇಶ್ವೆಗಳ ಕಥೆಯೇ ಅಂದುಕೊಳ್ಳಬೇಡಿ. ನಾವು 'ಎಲ್ಲರ ಮನೆ ದೋಸೆನೂ ತೂತು' ಅನ್ನುವ ಕಡೆ ಅವರು 'ಘರೋಘರೀ ಮಾತೀಚ್ಯಾ ಚುಲೀ', ಮನೆ ಮನೆಗೂ ಮಣ್ಣಿನ ಒಲೆಯೇ, ಅನ್ನುತ್ತಾರೆ. ಆದರೂ ದರ್ಬಾರಿನ ವಾಸನೆ ಆಗಾಗ ಬಡಿಯುತ್ತದೆ. ನಾವು 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಅನ್ನುತ್ತೇವೆ. ಇಲ್ಲಿ ಅದಕ್ಕೆ ಹಿಂದಿಯದೇ ಮಾತು ಓಡಾಡುತ್ತದೆ: 'ಬೂಂದ್ ಸೇ ಗಯೀ ವೋ ಹೌದ್ ಸೇ ನಹೀ ಆತೀ'. ನೆಲಕ್ಕೆ ಬಿದ್ದ ಒಂದು ತೊಟ್ಟು ಅತ್ತರಿಗೆ ಬಾದಶಹ ಬಗ್ಗಿದ್ದನ್ನು ಜನ ನೋಡಿಬಿಟ್ಟರು. ಆಮೇಲೆ ಮಾನ ಉಳಿಸಿಕೊಳ್ಳಲು ತೊಟ್ಟಿ ತುಂಬ ಅತ್ತರು ಸುರಿಸಿದರೂ ಹೋದದ್ದು ಬರಲಿಲ್ಲ. ನನಗಂತೂ ನಮ್ಮ ಅಡಿಕೆಯೇ ಇಷ್ಟ. ಅಡಿಕೆಗೆ ಮಾನ ಕಳೆದುಕೊಳ್ಳಲು ಬಾದಶಹ ಆಗಬೇಕಿಲ್ಲ, ಯಾರಾದರೂ ಕಳೆದುಕೊಳ್ಳಬಹುದು.

ಇಷ್ಟಾದರೂ ಒಂದು ವಿಷಯದಲ್ಲಿ ಇವರನ್ನು ಕಂಡರೆ ಹೊಟ್ಟೆಕಿಚ್ಚು. ಇವರು ಗಾದೆಯನ್ನು ಜಗಳಕ್ಕೆ ಬಳಸುತ್ತಾರೆ.

ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಒಂದು ಸಲ ಪಾರ್ಕಿಂಗ್ ವಿಷಯ ಎದ್ದಿತು. ಒಬ್ಬರು ತಮ್ಮ ಸ್ಕೂಟರನ್ನು ಲಿಫ್ಟಿನ ಪಕ್ಕ ನಿಲ್ಲಿಸುತ್ತಿದ್ದರು. ಒಂದು ಸ್ಕೂಟರ್ ತಾನೇ, ಬಿಡಿ, ಅಂತ ಅರ್ಧ ಜನ. ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಕಾಕಾ ಒಬ್ಬರು ಪೇಪರ್ ಮಡಿಸುತ್ತಾ, 'ಮ್ಹಾತಾರೀ ಮೇಲ್ಯಾಚೇ ದುಃಖ ನಾಹೀ, ಪಣ ಕಾಳ್ ಸೋಕಾವತೋ' ಅಂದರು. ಮುದುಕಿ ಸತ್ತಳೆಂದು ದುಃಖವಿಲ್ಲ, ಯಮನಿಗೆ ಮನೆಯ ರುಚಿ ಹತ್ತುತ್ತದೆ. ಸ್ಕೂಟರಿನವರು ಏನೂ ಸುಮ್ಮನಿರಲಿಲ್ಲ. 'ಕಾಮಾಪುರತಾ ಮಾಮಾ' ಅಂದರು. ಕೆಲಸ ಇರುವವರೆಗೆ ಮಾತ್ರ ಮಾವ. ಹಿಂದಿನ ವಾರವಷ್ಟೇ ಕಾಕಾ ಅದೇ ಸ್ಕೂಟರ್ ಇಸ್ಕೊಂಡು ಹೋಗಿದ್ದರಂತೆ! ಎಲ್ಲರೂ ನಕ್ಕರು, ಸ್ಕೂಟರ್ ಮಾತ್ರ ಮಾರನೇ ದಿನದಿಂದ ತನ್ನ ಜಾಗದಲ್ಲಿತ್ತು.

ನಮ್ಮ ಹಳ್ಳಿಯ ಜಗಲಿಯಲ್ಲೂ ಇದೇ ನಡೆಯುತ್ತಿತ್ತು ಅಲ್ವಾ? ಅದಕ್ಕೆ ನಮ್ಮಲ್ಲಿ ಒಳ್ಳೆಯ ಉಪಾಯವೂ ಇತ್ತು. ಅದೇ ಕೊನೆಗೆ ಬರುವ 'ಅಂತೆ'. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.' ನಾನು ಅಂದಿಲ್ಲಪ್ಪ, ಯಾರೋ ಅಂದಳಂತೆ. ಮರಾಠಿಯವರು 'ನಾಚ್ತಾ ಯೇಯೀನಾ, ಅಂಗಣ ವಾಕಡೇ' ಅಂತ ಮುಖಕ್ಕೇ ಹೇಳುತ್ತಾರೆ. ನಾವು ಒಬ್ಬಳನ್ನು ತಂದು ಕುಣಿಸಿ, ಅವಳ ಬಾಯಿಂದ ಹೇಳಿಸಿ, ಕೈ ತೊಳೆದುಕೊಳ್ಳುತ್ತೇವೆ. ಬೈಗುಳವೂ ತಲುಪಿತು, ನೆಂಟಸ್ತಿಕೆಯೂ ಉಳಿಯಿತು.

ಇಂಥ ಚುರುಕಾದ ಮಾತನ್ನು ನಾವು ಏನು ಮಾಡಿದ್ದೇವೆ? ವೇದದ ಪಕ್ಕ ಕೂರಿಸಿದ್ದೇವೆ. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತೆ. ನಾನು ಒಪ್ಪಲ್ಲ. 'ಮಾತು ಬೆಳ್ಳಿ, ಮೌನ ಬಂಗಾರ' ಅನ್ನುವುದೂ ಗಾದೆಯೇ, 'ಬಾಯಿದ್ದವ ಬರಗಾಲದಲ್ಲೂ ಬದುಕಿದ' ಅನ್ನುವುದೂ ಗಾದೆಯೇ. ಎರಡನ್ನೂ ಒಬ್ಬನೇ ಪಾಲಿಸಲು ಹೊರಟರೆ ಅವನ ಗತಿ ಏನು? 'ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದು' ಅಂತಲೂ ಇದೆ. ಅದೂ ವೇದವೇ? ಜಾತಿ ಹಿಡಿದು ಆಡಿದ ಗಾದೆಗಳನ್ನಂತೂ ಇಲ್ಲಿ ಬರೆಯಲೂ ಮನಸ್ಸಿಲ್ಲ. ಕೋಪ, ಹೊಟ್ಟೆಕಿಚ್ಚು, ಕೊಬ್ಬು ಎಲ್ಲ ಸೇರಿಯೇ ಗಾದೆಯಾಗುತ್ತದೆ. ಅದನ್ನು ಹೇಳಿದವರು ಋಷಿಗಳಲ್ಲ, ಅಕ್ಕಪಕ್ಕದ ಮನೆಯವರು. ಕಿಟೆಲ್ ಅವರಿಗೆ ಇದು ಗೊತ್ತಿತ್ತು ಅನಿಸುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಗಾದೆಗಳು ಪದಗಳ ಅರ್ಥದ ಜೊತೆಗೇ ಬರುತ್ತವೆ, ಜನ ಆ ಪದವನ್ನು ಹೇಗೆ ಆಡುತ್ತಾರೆ ಅನ್ನುವುದಕ್ಕೆ ಸಾಕ್ಷಿಯಾಗಿ.

ಶಾಲೆಯಲ್ಲಿ ಮಾತ್ರ ಗಾದೆಯನ್ನು 'ವಿಸ್ತರಿಸಿ' ಅನ್ನುತ್ತಾರೆ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಇಂದಿಗೂ ಇದೆ. ನಾಲ್ಕು ಪದದಲ್ಲಿ ಮುಗಿದ ಮಾತನ್ನು ಎಳೆದು ಎಳೆದು ಒಂದು ಪುಟ ಮಾಡಬೇಕು. ಮಹಾರಾಷ್ಟ್ರದ ಮಕ್ಕಳಿಗೂ ಪಾಠದಲ್ಲಿ ಗಾದೆ ಇದೆ. ಆದರೆ ನುಡಿಗಟ್ಟು ಬಂದರೆ ಅರ್ಥ ಹೇಳಿ, ವಾಕ್ಯದಲ್ಲಿ ಬಳಸಿ ಅಂತ ಕೇಳುತ್ತಾರೆ. ನುಡಿಗಟ್ಟಿಗೆ ನಮ್ಮಲ್ಲೂ ಹಾಗೆ ಕೇಳುವುದುಂಟು. ಗಾದೆಗೆ ಯಾಕಿಲ್ಲ?

ನನ್ನನ್ನು ಕೇಳಿದರೆ ಪ್ರಶ್ನೆ ಹೀಗಿರಲಿ: 'ಸೊಸೆ ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾಗಿದೆ. ಅತ್ತೆ ಒಂದು ಗಾದೆ ಹೇಳುತ್ತಾಳೆ. ಸೊಸೆ ಇನ್ನೊಂದು ಗಾದೆಯಲ್ಲೇ ಉತ್ತರ ಕೊಡುತ್ತಾಳೆ. ಎರಡನ್ನೂ ಬರೆಯಿರಿ.' ಉತ್ತರ ಎರಡು ಸಾಲು ಮೀರಿದರೆ ಒಂದು ಅಂಕ ಕಟ್.