ಪುಟದಂಚಿನ ಪತ್ತೇದಾರರು

ಲೈಬ್ರರಿಯಿಂದ ತಂದ ಸಸ್ಪೆನ್ಸ್ ಕಾದಂಬರಿಯನ್ನು ಒಬ್ಬರೇ ಕೂತು ಓದೋಕಾಗಲ್ಲ. ನಮಗಿಂತ ಮುಂಚೆ ಓದಿದವರೆಲ್ಲ ಪುಟದಂಚಿನಲ್ಲಿ ಕಾದು ಕೂತಿರುತ್ತಾರೆ. ಅದರಲ್ಲೂ ವರ್ಷಗಟ್ಟಲೆ ನಡೆದುಬಂದ ಸರಣಿಯಾದರೆ ಮುಗಿದೇ ಹೋಯಿತು.

ಮೊನ್ನೆ ತಂದದ್ದು ಒಂದು ಪತ್ತೇದಾರಿ ಸರಣಿಯ 11ನೇ ಭಾಗ. ಕೊಲೆ ಇನ್ನೂ ಆಗಿರಲಿಲ್ಲ. ಮಾಲಿ ಸುಮ್ನೆ ಗಿಡಕ್ಕೆ ನೀರು ಹಾಕುತ್ತಿದ್ದ. ಪಕ್ಕದಲ್ಲಿ ಪೆನ್ಸಿಲ್ ಅಕ್ಷರ: 'ಇವನ ಮೇಲೆ ಕಣ್ಣಿಡಿ.' ಪುಟ ತಿರುಗಿಸಿದರೆ ಡಾಕ್ಟರು ಬಂದರು. 'ಇವನೂ ಸರಿಯಿಲ್ಲ.' ಮನೆ ಯಜಮಾನರ ಮೇಲೂ ಅನುಮಾನ. ಆಮೇಲೆ ಕೊಲೆಯಾದವರು ಅವರೇ! ಆ ಪುಟದಲ್ಲಿ ಸಣ್ಣದಾಗಿ 'ಪಾಪ' ಅಂತ ಬರೆದಿತ್ತು.

ಇನ್ನೊಬ್ಬರದು ನೀಲಿ ಶಾಯಿ. ಇವರಿಗೆ ಕೊಲೆಗಾರ ಯಾರಾದರೂ ಆಗಲಿ, ಹಿಂದಿನ ಭಾಗಗಳ ಲೆಕ್ಕ ಮಾತ್ರ ತಪ್ಪಬಾರದು. 'ನಾಯಕನಿಗೆ ಎಡಗೈ ಎತ್ತೋಕಾಗಲ್ಲ, 4ನೇ ಭಾಗ ನೋಡಿ. ಈಗ ಮರ ಹತ್ತಿದ್ದು ಹೇಗೆ?' ಇದು ಇವತ್ತಿನ ಚಾಳಿಯೇನಲ್ಲ ಬಿಡಿ. ಷರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ 1887ರ ಮೊದಲ ಕಾದಂಬರಿಯಲ್ಲಿ ಗುಂಡು ಬಿದ್ದದ್ದು ಭುಜಕ್ಕೆ. 1890ರ ಎರಡನೆಯದಕ್ಕೆ ಬರುವಷ್ಟರಲ್ಲಿ ಗಾಯ ಕಾಲಿಗೆ ಇಳಿದಿತ್ತು. ಓದುಗರು ಆ ಗುಂಡನ್ನು ಇನ್ನೂ ಹುಡುಕುತ್ತಿದ್ದಾರೆ. ಅಗಾಥಾ ಕ್ರಿಸ್ಟಿಯ ಪತ್ತೇದಾರ ಪೊಯಿರೊ 1920ರಲ್ಲಿ ಮೊದಲ ಸಲ ಕಾಣಿಸಿಕೊಂಡಾಗಲೇ ರಿಟೈರ್ ಆದ ಪೊಲೀಸ್. 1975ರಲ್ಲೂ ಕೇಸು ಹಿಡಿದು ಕೂತಿದ್ದ. ಬೆರಳು ಮಡಚಿ ಲೆಕ್ಕ ಹಾಕಿದವರಿಗೆ ತಲೆ ತಿರುಗದೆ ಇರುತ್ತದಾ?

ಅಷ್ಟರಲ್ಲಿ ನಮ್ಮ ನಾಯಕ ಕಂದಕದ ಅಂಚಿನಲ್ಲಿ ಬೇರು ಹಿಡಿದು ನೇತಾಡುತ್ತಿದ್ದ. ಬೇರು ಕಿತ್ತು ಬರುತ್ತಿತ್ತು. ನಾನು ಉಸಿರು ಬಿಗಿಹಿಡಿದೆ. ನೀಲಿ ಶಾಯಿ: '12ನೇ ಭಾಗ ಇದೆ. ಗಾಬರಿ ಬೇಡ.'

ಇಂಥವರಿಗೆ ಏನು ಹೇಳೋದು? 1893ರಲ್ಲಿ ಲೇಖಕ ಕಾನನ್ ಡಾಯ್ಲ್ ತಮ್ಮ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೈ ತೊಳೆದುಕೊಂಡಿದ್ದರು. ಓದುಗರು ಬಿಡಬೇಕಲ್ಲ! ಸಿಟ್ಟಿನ ಕಾಗದ ಬರೆದರು, ಕಥೆ ಬರುತ್ತಿದ್ದ ಪತ್ರಿಕೆಯ ಚಂದಾ ನಿಲ್ಲಿಸಿದರು. 1903ರಲ್ಲಿ ಆಸಾಮಿ ಜೀವಂತ ವಾಪಸು ಬಂದ. ಅಂದಿನಿಂದ ಪತ್ತೇದಾರ ಎಷ್ಟು ಎತ್ತರದಿಂದ ಬಿದ್ದರೂ ಯಾರೂ ನಂಬುವುದಿಲ್ಲ.

ನಮ್ಮಕ್ಕ ಈ ರಗಳೆಗೆಲ್ಲ ಹೋಗುವವಳಲ್ಲ. ಕೊನೇ ಪುಟ ಮೊದಲು ಓದುತ್ತಾಳೆ. "ಕೊಲೆಗಾರ ಯಾರು ಅಂತ ಗೊತ್ತಾದ್ರೆ ಆಮೇಲೆ ನೆಮ್ಮದಿಯಾಗಿ ಓದ್ಬಹುದು ಕಣೋ" ಅನ್ನುತ್ತಾಳೆ. ನೆಮ್ಮದಿ ಬೇಕಿದ್ದರೆ ಥ್ರಿಲ್ಲರ್ ಯಾಕೆ ಓದಬೇಕು? ಕೇಳುವ ಧೈರ್ಯ ನನಗಿಲ್ಲ. ವಾದಕ್ಕೆ ನಿಂತರೆ ಹೆಸರು ಹೇಳಿಬಿಡುತ್ತಾಳೆ. ಪುಸ್ತಕ ಮುಗಿಯುವವರೆಗೂ ಅವಳು ಹೇಳಿದ ಕೆಲಸವೆಲ್ಲ ತುಟಿಪಿಟಕ್ಕೆನ್ನದೆ ಮಾಡಿದೆ. ಇದಕ್ಕೆ ಬ್ಲ್ಯಾಕ್‌ಮೇಲ್ ಅಂತಾರೆ, ಅಲ್ವಾ?

ಕೊನೆಗೆ ಕೊಲೆ ಮಾಡಿದವಳು ನರ್ಸ್. ಇಡೀ ಪುಸ್ತಕದಲ್ಲಿ ಪೆನ್ಸಿಲ್‌ನವರು ಅನುಮಾನ ಪಡದೆ ಬಿಟ್ಟದ್ದು ಅವಳೊಬ್ಬಳನ್ನೇ. ಅವರ ಸಿಟ್ಟು ನೋಡಬೇಕಿತ್ತು. 'ಶುದ್ಧ ಮೋಸ! ಇನ್ನು ಈ ಸರಣಿ ಮುಟ್ಟಿದರೆ ಕೇಳಿ.' ಕಾಗದ ಹರಿಯುವ ಹಾಗೆ ಅಡಿಗೆರೆ ಬೇರೆ.

12ನೇ ಭಾಗ ಕೇಳಿದೆ. ಯಾರೋ ತಗೊಂಡು ಹೋಗಿದ್ದಾರೆ ಅಂದರು. ಕೆಲವು ದಿನ ಬಿಟ್ಟು ಸಿಕ್ಕಿತು. ಶುರುವಿನಲ್ಲೇ ಒಬ್ಬಳು ನರ್ಸ್ ಬಾಗಿಲು ತಟ್ಟಿದಳು. ಪಕ್ಕದಲ್ಲಿ ಅದೇ ಪೆನ್ಸಿಲ್: 'ಈ ಸಲ ಬಿಡಲ್ಲ.'

ಅದರ ಕೆಳಗೆ ನೀಲಿ ಶಾಯಿ: 'ಅವಳು ಜೈಲಿನಲ್ಲಿದ್ದಾಳೆ. ಇವಳು ಬೇರೆ.'