ದುರ್ಗದೋನು ಹಾಯಿದೋಣಿ ಹತ್ತಿದ್ದು

ಚಿತ್ರದುರ್ಗದ ಕಲ್ಲಿನ ಕೋಟೆ ಬುಡದಲ್ಲೇ ಹುಟ್ಟಿ ಬೆಳೆದೋನನ್ನ ಇನ್ನೊಂದು ಕೋಟೆ ತೋರಿಸ್ತೀನಿ ಬಾ ಅಂತ ಕರೆಯೋದು ಅಂದ್ರೆ ಬ್ಯಾಡಗಿಯೋರ ಮನೆಗೆ ಮೆಣಸಿನಕಾಯಿ ಪಾರ್ಸಲ್ ಕಳಿಸಿದಂಗೆ. ಆದ್ರೂ ಹೋದೆ, ಯಾಕಂದ್ರೆ ಹೋಗೋದು ಹಾಯಿದೋಣೀಲಿ ಅಂದ್ರು.

ಲಿವರ್‌ಪೂಲ್‌ನಲ್ಲಿರೋ ನಮ್ಮ ಭಾವನ ಸ್ನೇಹಿತರೊಬ್ಬರದ್ದು ಒಂದು ಸಣ್ಣ ದೋಣಿ, ಬೆಳಿಗ್ಗೆ ಬಿಟ್ರೆ ಸಂಜೆ ವೇಲ್ಸ್‌ನ ಕಾನ್ವಿ, ಅಲ್ಲಿ ಎರಡು ದಿನ ತಂಗಿ ಕೋಟೆ, ಗುಡ್ಡ ಎಲ್ಲಾ ನೋಡ್ಕೊಂಡು ಮುಂದಕ್ಕೆ ಹೋಗೋದು ಅಂತ ಪ್ಲ್ಯಾನ್. ನಾವು ದುರ್ಗದೋರು ನೀರು ನೋಡೋದೇ ಬೇರೆ ಥರ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಆಗ್ಲೇ, ಊರಿಗೆ ಊರೇ ಬುತ್ತಿ ಕಟ್ಕೊಂಡು ನೋಡೋಕೆ ಹೋಗಿತ್ತು. ಅಂಥೋನು ನಾನು ಸುತ್ತ ಬರೀ ನೀರಿರೋ ಕಡೆ ಕೂತು, ಊರಿಂದ ತಂದಿದ್ದ ಮಂಡಕ್ಕಿ ಡಬ್ಬಿ ತೆಗೆದೆ. ಅರ್ಧ ಗಂಟೆಗೆ ಎಲ್ಲಾ ಮೆತ್ತಗೆ, ಅಗಿದ್ರೆ ಹತ್ತಿ ಅಗಿದಂಗೆ.

ಕಾನ್ವಿ ಹತ್ರ ಬಂದ್ಮೇಲೆ ದೋಣಿ ನಿಲ್ಲಿಸಿಬಿಟ್ರು. ಏನ್ ಸಾರ್ ಅಂದ್ರೆ, ನೀರು ಬರ್ಬೇಕು, ಕಾಯ್ಬೇಕು ಅಂದ್ರು. ನಂಗೆ ನಗು ತಡೆಯೋಕಾಗ್ಲಿಲ್ಲ, ಸಾವಿರಾರು ಮೈಲಿ ದೂರ ಬಂದ್ರೂ ಇದೇ ಗೋಳಾ ಅಂತ! ಅಲ್ಲಿ ಉಬ್ಬರ ಇಳಿತಕ್ಕೆ ನೀರು ಇಪ್ಪತ್ತು ಅಡಿ ಮೇಲೆ ಕೆಳಗೆ ಆಗುತ್ತೆ, ಇಳಿದಾಗ ನದಿ ಬಾಯಲ್ಲಿ ಬರೀ ಮರಳು. ವ್ಯತ್ಯಾಸ ಏನಪ್ಪಾ ಅಂದ್ರೆ ಅವರ ಹತ್ರ ಒಂದು ಪುಸ್ತಕ ಇರುತ್ತೆ, ನೀರು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಏರುತ್ತೆ ಅಂತ ವರ್ಷದ್ದೆಲ್ಲ ಮೊದಲೇ ಅಚ್ಚಾಗಿರುತ್ತೆ. ನಮ್ಮ ಬೀದೀಲಿ ಅದು ನೀರುಗಂಟಿಗೆ ಮಾತ್ರ ಗೊತ್ತು, ಅವನೂ ಹೇಳಲ್ಲ.

ಕೋಟೆ ಚೆಂದ ಐತೆ, ಸುಳ್ಳು ಯಾಕೆ ಹೇಳ್ಲಿ. ಎಂಟು ದುಂಡನೆ ಬುರುಜು, ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ 1283ರಲ್ಲಿ ಶುರು ಮಾಡಿ 1287ರ ಹೊತ್ತಿಗೆ ಮುಗಿಸಿದ್ದು. ಆದ್ರೆ ಒಂದು ಗಂಟೇಲಿ ನೋಡಿ ಮುಗೀತು, ನಮ್ಮ ಏಳು ಸುತ್ತಲ್ಲಿ ಅಷ್ಟೊತ್ತಿಗೆ ಗಣೇಶನ ಗುಡಿ ಹತ್ರ ಕೂತು ಇನ್ನೂ ಉಸಿರು ಬಿಡ್ತಿರ್ತೀವಿ. ನನ್ನ ಕಣ್ಣು ಹೋಗಿದ್ದು ಬುರುಜಿನ ಮೇಲಲ್ಲ, ನದಿ ಕಡೆಗಿರೋ ಒಂದು ಬಾಗಿಲ ಮೇಲೆ. ದೋಣೀಲಿ ದವಸ ಧಾನ್ಯ ತಂದು ಆ ಕಡೆಯಿಂದ ಒಳಗೆ ಹಾಕ್ತಿದ್ರಂತೆ. 1294ರ ಚಳಿಗಾಲದಲ್ಲಿ ವೇಲ್ಸ್‌ನೋರು ದಂಗೆ ಎದ್ದು ರಾಜ ಇಲ್ಲೇ ಸಿಕ್ಕಾಕ್ಕೊಂಡಾಗ ಹೊರಗಿಂದ ಏನು ಬರಬೇಕಾದ್ರೂ ಸಮುದ್ರದ ಮೇಲೇ ಬರಬೇಕಿತ್ತು.

ನಮಗೆಲ್ಲಿ ಸಮುದ್ರ? ಆಕಾಶದಿಂದ ಬಿದ್ದಿದ್ದೇ ಬಂತು. ಅದಕ್ಕೇ ಬಂಡೆ ಮೇಲೆ ಬಿದ್ದ ಮಳೆನೆಲ್ಲ ಗೋಪಾಲಸ್ವಾಮಿ ಹೊಂಡಕ್ಕೆ ಹಿಡಿದು, ಅದು ತುಂಬಿದ್ರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ ಅಂತ ಇಳಿಸಿದ್ರು, ಒಂದು ಹನಿ ಬಿಡದಂಗೆ. ಓಬವ್ವನ ಕತೆ ಹೇಳುವಾಗ ಎಲ್ಲಾರೂ ಒನಕೆ ಬಗ್ಗೆ ಹೇಳ್ತಾರೆ, ಆಕೆ ಆ ಕಿಂಡಿ ಹತ್ರ ಹೋಗಿದ್ದು ಊಟಕ್ಕೆ ಕೂತ ಗಂಡಂಗೆ ಕುಡಿಯೋ ನೀರು ತರೋಕೆ ಅನ್ನೋದನ್ನ ಮರೆತುಬಿಡ್ತಾರೆ.

ಮಾರನೇ ದಿನ ಗುಡ್ಡ ಹತ್ತಿದ್ವಿ. ಎಲ್ಲಿ ನೋಡಿದ್ರೂ ಕುರಿ, ಕುರಿ ಕಾಯೋರು ಒಬ್ರೂ ಇಲ್ಲ, ಚಳ್ಳಕೆರೆ ಕಡೆಯೋರು ನೋಡಿದ್ರೆ ಎದೆ ಒಡ್ಕೊಳ್ತಿದ್ರು. ಹೊಲದ ಸುತ್ತ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ ಗೋಡೆ. ಒಂದು ಕಲ್ಲನ್ನ ಅಲ್ಲಾಡಿಸಿ ನೋಡ್ದೆ, ಜಪ್ಪಯ್ಯ ಅನ್ಲಿಲ್ಲ. ನಮ್ಮೋರೇ ಯಾರೋ ಬಂದು ಕಟ್ಟಿದಂಗಿತ್ತು.

ಊರಿಗೆ ಬಂದು ಅವ್ವಂಗೆ ಫೋಟೋ ತೋರಿಸ್ದೆ. ಬುರುಜು, ದೋಣಿ, ಸಮುದ್ರ ಎಲ್ಲಾ ಸರಸರ ತಳ್ಳಿ, "ಅಲ್ಲ ಕಣೋ, ಸಮುದ್ರದ ನೀರು ಉಪ್ಪು. ಕುಡಿಯಾಕೆ ಏನ್ ಮಾಡ್ತಿದ್ರು?" ಅಂದ್ಲು. ಕೋಟೆ ಒಳಗೇ ಬಾವಿ ಐತವ್ವ, 91 ಅಡಿ ಅಂದೆ.

ಅವ್ವ ಫೋನ್ ಕೆಳಗಿಟ್ಟು, ಹೋದ ವರ್ಷ ಹಿತ್ತಲಲ್ಲಿ ಏಳ್ನೂರು ಅಡಿ ಕೊರೆಸಿ ಬರೀ ಧೂಳು ಬಂದ ಬೋರ್‌ವೆಲ್ ಕಡೆ ಒಂದ್ಸಲ ನೋಡಿದ್ಲು. "ತೊಂಬತ್ತೊಂದಕ್ಕೇ ಬಂತಾ?"