ನಿಂತವರೆಲ್ಲ ನೋಡುತ್ತಿರುವುದಿಲ್ಲ
ಮ್ಯೂಸಿಯಂನಲ್ಲಿ ಕಲಾಕೃತಿಯ ಮುಂದೆ ಜನ ಎಷ್ಟು ಹೊತ್ತು ನಿಂತರೆಂದು ಕ್ಯಾಮೆರಾ, ಎಐ ಸೇರಿ ಲೆಕ್ಕ ಹಾಕಿದರೆ ಅವರ ಆಸಕ್ತಿ ತಿಳಿಯುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭವೇ? ನಿಂತವರು ಮೊಬೈಲ್ ನೋಡುತ್ತಿರಬಹುದು, ಮುಂದಿನ ಗುಂಪು ಸರಿಯಲೆಂದು ಕಾಯುತ್ತಿರಬಹುದು, ಇಲ್ಲವೇ ಬರೀ ಕಾಲುನೋವು! 1916ರಲ್ಲೇ ಅಮೆರಿಕದ ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಗಿಲ್ಮನ್ ‘ಮ್ಯೂಸಿಯಂ ದಣಿವು’ ಬಗ್ಗೆ ಬರೆದಿದ್ದರು. ವಸ್ತುಗಳನ್ನು ನೋಡಲು ಒಬ್ಬಾತ ಹೇಗೆಲ್ಲ ಬಗ್ಗಿ, ಕುಕ್ಕರಗಾಲಲ್ಲಿ ಕೂತು ಒದ್ದಾಡುತ್ತಾನೆಂದು ಫೋಟೊಗಳಲ್ಲೇ ತೋರಿಸಿದ್ದರು. ತಪ್ಪು ನೋಡುಗನದಲ್ಲ, ವಸ್ತುಗಳನ್ನು ಇಟ್ಟ ರೀತಿಯದು. ಎಐ ಇಂಥದ್ದನ್ನು ಹಿಡಿದುಕೊಟ್ಟರೆ ಸಂತೋಷ. ಅದು ಮುಖ ನೋಡಿ ಭಾವನೆ ಅಳೆಯುತ್ತದೆ ಅನ್ನುವುದನ್ನು ಮಾತ್ರ ನಾನು ನಂಬಲ್ಲ. ಅಂದ ಹಾಗೆ, ನಮ್ಮ ವಿಡಿಯೊ ಎಷ್ಟು ದಿನ ಇಟ್ಟುಕೊಳ್ಳುತ್ತಾರೆಂದು ಬಾಗಿಲಲ್ಲೇ ದೊಡ್ಡಕ್ಷರದಲ್ಲಿ ಬರೆದು ಹಾಕಲಿ.